ಬಂದೆ ಅಮ್ಮ

ಸ್ಟೂಲಿನ ಮೇಲೆ ನಿಂತು, ಬಾಗಿಲಿನ ಕಿಂಡಿಗೆ ಕಣ್ಣಿಟ್ಟು ಚೂಟಿ ಉಸಿರು ಬಿಗಿಹಿಡಿದಿದ್ದಳು. ಅಪ್ಪ ಇವತ್ತೂ ಬೆಲ್ ಒತ್ತಿರಲಿಲ್ಲ. ಎದುರಿನ ಮೆಟ್ಟಿಲ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಯನ್ನೇ ನೋಡುತ್ತ ಕುಳಿತಿದ್ದ.

ಮೊನ್ನೆ ಒಂಬತ್ತು ನಿಮಿಷ. ನಿನ್ನೆ ಹನ್ನೆರಡು. ಇವತ್ತು ಆಗಲೇ ಇಪ್ಪತ್ತು ದಾಟಿತ್ತು.

ಅಪ್ಪ ಆಸ್ಪತ್ರೆಯಲ್ಲಿ ನರ್ಸು. ಊರೂರಿಗೆ ಹೊಸ ಕಾಯಿಲೆ ಹಬ್ಬಿ, ಶಾಲೆಗಳು ಮುಚ್ಚಿದಂದಿನಿಂದ ಅವನಿಗೆ ಐಸಿಯುನಲ್ಲೇ ಕೆಲಸ. ಮೊದಲೆಲ್ಲ ಮೂರು ಗಂಟೆಗೆ ಬಂದವನು ಬಾಗಿಲು ತೆಗೆಯುವವರೆಗೂ ಬೆಲ್ಲಿನಿಂದ ಬೆರಳು ತೆಗೆಯುತ್ತಿರಲಿಲ್ಲ. ಈಗೇಕೆ ಮನೆಯೇ ಬೇಡವೆಂಬಂತೆ ಹೊರಗೆ ಕೂರುತ್ತಾನೆ? ಚೂಟಿಗೆ ತೋಚಿದ್ದು ಒಂದೇ ಕಾರಣ. ಅವಳು ಬಾಗಿಲನ್ನು ಮೆಲ್ಲಗೆ ತೆರೆದು ಹೊರಗೆ ಬಂದಳು.

"ಅಪ್ಪ, ನನ್ನ ಮೇಲೆ ಕೋಪಾನಾ?"

ಅಪ್ಪ ಬೆಚ್ಚಿಬಿದ್ದ. "ಯಾಕೆ?"

"ನೆಟ್‌ವರ್ಕ್ ಇಲ್ಲ ಅಂತ ಸುಳ್ಳು ಹೇಳಿ ಕ್ಲಾಸ್ ತಪ್ಪಿಸಿದೆನಲ್ಲ."

"ಅದು ನಂಗೆ ಮರೆತೇ ಹೋಗಿತ್ತು ಕಣೆ. ಅಲ್ಲೇ ಕೂತ್ಕೋ, ಹತ್ರ ಬರಬೇಡ. ನಂದಿನ್ನೂ ಸ್ನಾನ ಆಗಿಲ್ಲ." ಆಮೇಲೆ ಅವನೇ ಹೇಳಿದ, "ಸುಳ್ಳು ಹೇಳಿದ್ದು ನಾನು."

"ನೀನಾ? ಯಾರಿಗೆ?"

"ವಾರ್ಡಿನಲ್ಲಿ ನಾವೆಲ್ಲ ತಲೆಯಿಂದ ಕಾಲಿನವರೆಗೂ ಮುಚ್ಕೊಂಡಿರ್ತೀವಿ. ಕಣ್ಣೊಂದು ಬಿಟ್ಟು ಬೇರೇನೂ ಕಾಣಲ್ಲ. ಯಾರು ಯಾರಂತ ಗೊತ್ತಾಗ್ಲಿ ಅಂತ ಗೌನಿನ ಎದೆ ಮೇಲೆ ಮಾರ್ಕರ್ ಪೆನ್ನಲ್ಲಿ ಹೆಸರು ಬರ್ಕೋತೀವಿ. ಅಲ್ಲೊಬ್ಬರು ವಯಸ್ಸಾದ ಅಜ್ಜಿ ಇದ್ರು. ಕನ್ನಡಕ ಇಲ್ದೆ ಅವರಿಗೆ ಅದನ್ನ ಓದೋಕಾಗ್ಲಿಲ್ಲ. ನನ್ನ ಕೈ ಹಿಡ್ಕೊಂಡು, 'ಬಂದ್ಯಾ ಮಗ' ಅಂದ್ರು."

"ಅಯ್ಯೋ, ನೀನು ಅವರ ಮಗ ಅಲ್ವಲ್ಲ."

"ಅಲ್ಲ. ಆದ್ರೂ 'ಬಂದೆ ಅಮ್ಮ' ಅಂದ್ಬಿಟ್ಟೆ. ಮೂರು ದಿನ ಹಾಗೇ ಅಂದೆ."

"ಈಗ ಅವರು ಹೇಗಿದಾರೆ?"

"ಬೆಳಿಗ್ಗೆ ತೀರ್ಕೊಂಡ್ರು. ಅವರ ಮಗ ಫೋನ್ ಮಾಡಿ, 'ಅಮ್ಮ ನನ್ನ ಕೇಳಿದ್ರಾ' ಅಂದ. ಕೇಳಿದ್ರು ಅಂದೆ. ಅವನ ಬದಲು ನಾನೇ 'ಬಂದೆ' ಅಂದಿದ್ದು ಮಾತ್ರ ಬಾಯಿಗೇ ಬರಲಿಲ್ಲ." ಅಪ್ಪ ಚೀಲದ ಪಟ್ಟಿಯನ್ನು ಸುತ್ತಿ ಸುತ್ತಿ ಬಿಚ್ಚುತ್ತಿದ್ದ. "ಇಲ್ಲಿ ಬೆಲ್ ಒತ್ತಿದ್ರೆ ನಿನ್ನಜ್ಜೀನೂ ಅದನ್ನೇ ಅಂತಾಳೆ, 'ಬಂದ್ಯಾ ಮಗ' ಅಂತ. ಅದಕ್ಕೇ ಕೈ ಏಳಲ್ಲ."

ಚೂಟಿಗೆ ತಲೆಬುಡ ತಿಳಿಯಲಿಲ್ಲ. ಸುಳ್ಳು ತಪ್ಪು, ಆದರೆ ಆ ವಾರ್ಡಿನ ಅಜ್ಜಿಯ ಕೈ ಬಿಡಿಸಿಕೊಂಡು 'ನಾನಲ್ಲ' ಎನ್ನುವುದು ಇನ್ನೂ ದೊಡ್ಡ ತಪ್ಪಿನಂತೆ ತೋರಿತು. ಹಾಗಾದರೆ ಸರಿ ಎಲ್ಲಿತ್ತು?

"ಯಾರ್ನಾದ್ರೂ ಕೇಳ್ಬಾರ್ದಾ ಅಪ್ಪ?"

"ಆಸ್ಪತ್ರೇಲಿ ಒಬ್ಬರು ಮನಸ್ಸಿನ ಡಾಕ್ಟರ್ ಇದಾರೆ. ನಮ್ಮಂಥೋರಿಗೆ ಅಂತಾನೇ ಟೈಮ್ ಕೊಡ್ತಾರೆ. ಎರಡು ಸಲ ಕೊಟ್ಟಿದ್ರು, ನಾನೇ ಹೋಗ್ಲಿಲ್ಲ."

"ಅಂದ್ರೆ ನೀನೂ ಕ್ಲಾಸ್ ತಪ್ಪಿಸಿದೀಯ."

ಅಪ್ಪ ನಕ್ಕ. ನಗು ಅರ್ಧದಲ್ಲೇ ಬೇರೇನೋ ಆಯಿತು. ತೋಳಿನಿಂದ ಕಣ್ಣೊರೆಸಿಕೊಂಡು ಫೋನ್ ತೆಗೆದ, ನಂಬರು ಹುಡುಕಿ ಒತ್ತಿದ. "ಮೇಡಂ, ನಾನು ಐಸಿಯು ನರ್ಸು..." ಅಷ್ಟಕ್ಕೇ ಅಳತೊಡಗಿದ.

ಅಡುಗೆಮನೆಯಿಂದ ಅಜ್ಜಿಯ ದನಿ ಕೇಳಿತು. "ಹೊರಗೆ ಯಾರ ಹತ್ರ ಮಾತಾಡ್ತಿದೀಯೇ? ನನ್ನ ಮಗ ಬಂದನಾ?"

ಅಪ್ಪ ತಲೆಯೆತ್ತಿ ನೋಡಿದ. ಕಣ್ಣು, ಮೂಗು ಎಲ್ಲ ಒದ್ದೆಯಾಗಿದ್ದವು.

"ಇನ್ನೂ ಇಲ್ಲ ಅಜ್ಜಿ," ಎಂದಳು ಚೂಟಿ. "ಪಕ್ಕದ ಮನೆ ಬೆಕ್ಕು ಬಂದಿದೆ."

ಅವಳು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಅಪ್ಪನಿಗೆ ಬೆನ್ನು ಮಾಡಿ ಕುಳಿತಳು. ಹಿಂದೆ, ಫೋನಿನೊಳಗಿಂದ ಯಾರೋ ಸಣ್ಣ ದನಿಯಲ್ಲಿ ಹೇಳುತ್ತಿದ್ದರು, "ಹೇಳಿ. ಅವಸರ ಏನಿಲ್ಲ, ನಿಧಾನವಾಗಿ ಹೇಳಿ."