ಪೂಜೆಗಿಟ್ಟ ಪಾಸ್‌ವರ್ಡ್

ಸೋಮವಾರ ಊಟ ಮುಗಿಸಿ ಬಂದವರಿಗೆ ಸಿಂಧನೂರಿನ ಆ ಬೀಜದ ಕಂಪನಿಯಲ್ಲಿ ಒಂದು ಕಂಪ್ಯೂಟರೂ ಮಾತು ಕೇಳಲಿಲ್ಲ. ಮಸ್ಕಿ, ಲಿಂಗಸುಗೂರು ಕಚೇರಿಗಳ ಸಂಪರ್ಕವೂ ಕಡಿದಿತ್ತು. ಎಲ್ಲ ಕಂಪ್ಯೂಟರುಗಳನ್ನೂ ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಯ ಸೆಟ್ಟಿಂಗುಗಳನ್ನೂ, ಅದರೊಳಗೆ ಯಾರು ಯಾವಾಗ ಬಂದರೆಂಬ ದಾಖಲೆಯನ್ನೂ ಯಾರೋ ಅಳಿಸಿಹಾಕಿದ್ದರು.

ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಆದೆಪ್ಪ ಗಾಬರಿಯಾಗಲಿಲ್ಲ. ದಿನಾ ಒಂದು ಗಂಟೆಗೆ ಅವೆರಡನ್ನೂ ತಾನಾಗೇ ಫ್ಲಾಪಿಗೆ ನಕಲು ಮಾಡುವ ಪ್ರೋಗ್ರಾಂ ಬರೆದವನೇ ಅವನು. 1998ರ ಸಿಂಧನೂರಿನಲ್ಲಿ ಅಂಥ ಬುದ್ಧಿವಂತ ತಾನೊಬ್ಬನೇ ಎಂಬ ಜಂಬ ಬೇರೆ. ಫ್ಲಾಪಿ ಇದ್ದ ಕೋಣೆಯ ಬೀಗ ತೆಗೆಸಿ ನೋಡಿದ. ಖಾಲಿ.

ಚಾವಿ ಇದ್ದದ್ದು ಹಿರಿಯ ಆಪರೇಟರ್ ದಸ್ತಗೀರ್‌ಸಾಬರ ಬಳಿ ಮಾತ್ರ.

“ಅಸಲಿ ಫ್ಲಾಪಿ ಎಲ್ಲಿಟ್ಟೀರಿ? ಚೀಲ ಸುರುವ್ರಿ,” ಎಂದ ಆದೆಪ್ಪ.

ಎಲ್ಲರೆದುರು ಮೇಜಿನ ಮೇಲೆ ರೊಟ್ಟಿ ಡಬ್ಬಿ, ಟವೆಲ್ಲು, ನಮಾಜಿನ ಟೋಪಿ ಬಿದ್ದವು. ಅಷ್ಟೇ.

“ಹದಿನೆಂಟು ವರ್ಷಾತು. ನನ್ನ ಚೀಲ ಯಾರೂ ನೋಡಿದ್ದಿಲ್ರೀ,” ಎಂದರು ಸಾಬರು.

ಸಂಜೆಯೊಳಗೆ ಕಳ್ಳ ಸಿಗದಿದ್ದರೆ ಸಾಬರನ್ನು ಕೆಲಸದಿಂದ ತೆಗೆಯುವುದೇ ಸೈ ಎಂದರು ಮ್ಯಾನೇಜರು.

*

ಆದೆಪ್ಪ ಲಿಂಗಸುಗೂರಿಗೆ ಫೋನ್ ಮಾಡಿದ. ಅಲ್ಲಿಗೂ ದಿನಾ ಒಂದು ನಕಲು ಹೋಗುತ್ತಿತ್ತು. ಎತ್ತಿದವಳು ಗುಮಾಸ್ತೆ ಕಸ್ತೂರೆಮ್ಮ.

“ಇವತ್ತಿಂದು ಬಂದಿಲ್ರಿ. ನಿನ್ನೆ ರಜಾ. ಶನಿವಾರದ ಫ್ಲಾಪಿ ಐತಿ.”

“ಒಂದಽ ಫ್ಲಾಪಿ ಸಾಕು ಅಂದಿದ್ನಲ್ಲ?”

“ಅಂದಿದ್ರಿ, ನಕ್ಕಿದ್ರಿ. ಮಷೀನು ಹಳೇದರ ಮ್ಯಾಲೇ ಬರೀತೈತಲ್ರಿ? ನಾ ದಿನಕ್ಕೊಂದು ಬದಲಿಸಿ ತಾರೀಖು ಬರ್ದಿಟ್ಟೀನಿ.”

ಕಪಾಳಕ್ಕೆ ಹೊಡೆದಂತಾಯಿತು. ಕಳ್ಳ ಒಂದು ಗಂಟೆಗೆ ಮೊದಲೇ ಸ್ವಿಚ್ ಅಳಿಸಿದ್ದ. ಒಂದಕ್ಕೆ ಆದೆಪ್ಪನ ಪ್ರೋಗ್ರಾಂ ಆ ಖಾಲಿಯನ್ನೇ ಶನಿವಾರದ ಒಳ್ಳೆಯ ನಕಲಿನ ಮೇಲೆ ಬರೆದಿತ್ತು. ಫ್ಲಾಪಿಯನ್ನು ಯಾರೂ ಮುಟ್ಟಿರಲಿಲ್ಲ.

“ಶನಿವಾರದ ದಾಖಲೆ ಓದ್ರಿ.”

“ಹನ್ನೆರಡೂ ಹತ್ತಕ್ಕ ಮಸ್ಕಿ ಕಂಪ್ಯೂಟರಿನಿಂದ ಒಳಗ ಬಂದಾರ. ಬೀಜ ಬೆಳೆಯೋ ರೈತರ ಪಟ್ಟಿ ಐತಲ್ಲ, ಆ ಮಷೀನಿಗೆ ದಾರಿ ತಕ್ಕೊಂಡಾರ. ಹೆಸರು…” ಆಕೆ ತಡೆದಳು. “ನಿಮ್ದಽ ಐತ್ರಿ. ಪಾಸ್‌ವರ್ಡೂ ನಿಮ್ದು.”

ಶನಿವಾರ ಆದೆಪ್ಪ ಸಿಂಧನೂರು ಬಿಟ್ಟು ಕದಲಿರಲಿಲ್ಲ. ಪಾಸ್‌ವರ್ಡನ್ನು ಯಾರಿಗೂ ಹೇಳಿರಲಿಲ್ಲ. ಆಮೇಲೆ ನೆನಪಾಯಿತು, ಮುಖ ಕೆಂಪಾಯಿತು. ಹಿಂದಿನ ವಾರದ ಆಯುಧಪೂಜೆಗೆ ಎಲ್ಲರೂ ಇಕ್ಕಳ, ಸ್ಕ್ರೂಡ್ರೈವರ್ ಇಟ್ಟರೆ, ತನ್ನ ಆಯುಧ ಇದೇ ಎಂದು ಅವನು ಪಾಸ್‌ವರ್ಡಿನ ಚೀಟಿಯನ್ನೇ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದ್ದ. ಆ ತಟ್ಟೆಯನ್ನು ಎಲ್ಲರ ಮುಂದೆ ಹಿಡಿದುಕೊಂಡು ಓಡಾಡಿದ್ದು ಪೂಜೆಗೆಂದು ಬಂದಿದ್ದ ಮಸ್ಕಿ ಕಚೇರಿಯ ಮುಖ್ಯಸ್ಥ ಅಮರಗುಂಡಪ್ಪ.

*

ನಾಲ್ಕಕ್ಕೆ ಅಮರಗುಂಡಪ್ಪನನ್ನು ಕರೆಸಿದರು.

“ರೈತರ ಪಟ್ಟಿ ಬ್ಯಾರೆ ಕಂಪನಿಗೆ ಕೊಟ್ಟೀರಿ. ಗುರ್ತು ಸಿಗಬಾರ್ದಂತ ಇವತ್ತು ಸ್ವಿಚ್ ಅಳಿಸೀರಿ,” ಎಂದ ಆದೆಪ್ಪ. “ಪೂಜಿ ತಟ್ಟಿ ಹಿಡಿದವ್ರು ನೀವು. ಮಸ್ಕಿ ಕಂಪ್ಯೂಟರ್ ಇರೋದು ನಿಮ್ಮ ಕೋಣ್ಯಾಗ.”

“ಸುಳ್ಳು! ದಾಖಲೆನಽ ಇಲ್ಲಲ್ಲ?”

“ಲಿಂಗಸುಗೂರಾಗ ಐತಿ. ಶನಿವಾರದ್ದು.”

ಅಮರಗುಂಡಪ್ಪ ಕುರ್ಚಿಯಲ್ಲಿ ಕುಸಿದ. “ಅಲ್ಲಿ ಹಳೇದು ಉಳಿದಿರ್ತೈತಂತ ಯಾರಿಗೆ ಗೊತ್ತಿತ್ತು?”

ಮ್ಯಾನೇಜರು ಭೇಷ್ ಎಂದರು. ಆದೆಪ್ಪನಿಗೆ ನಿಂತಲ್ಲೇ ನಾಚಿಕೆಯಿಂದ ಸಾಯುವಂತಾಯಿತು. ತನ್ನ ಚೀಲ ತಂದು ಅದೇ ಮೇಜಿನ ಮೇಲೆ ಸುರಿದ. ಕುಂಕುಮ ಹಚ್ಚಿದ ಚೀಟಿ ಹೊರಬಿತ್ತು.

“ಕಳ್ಳಗ ಬಾಗಿಲು ತೆಗೆದವ ನಾನು. ಫ್ಲಾಪಿ ಅಳಿಸಿದ್ದೂ ನನ್ನ ಪ್ರೋಗ್ರಾಂ. ಮಾಫ್ ಮಾಡ್ರಿ, ಚಾಚಾ.”

ದಸ್ತಗೀರ್‌ಸಾಬರು ಚಾವಿಯನ್ನು ಆ ಚೀಟಿಯ ಪಕ್ಕ ಇಟ್ಟರು.

“ನಾಳಿಂದ ಇದನ್ನ ನೀವಽ ಇಟ್ಕೋರಿ. ಮತ್ತ ನನ್ನ ಚೀಲ ನೋಡೋದು ತಪ್ತೈತಿ.”

ಅವರು ರೊಟ್ಟಿ ಡಬ್ಬಿ ಎತ್ತಿಕೊಂಡು ಹೊರಟರು. ಚಾವಿ ಮುಟ್ಟಲು ಆದೆಪ್ಪನಿಗೆ ಕೈ ಬರಲಿಲ್ಲ.