ಬೆಂಕಿಬೆಟ್ಟದಿಂದ ಇಳಿದ ಬಸ್ಸು

ಹೆಲ್ಮೆಟ್ ಹಾಕಿದ ಮೇಲೆ ಹುಲಿ ಕಾಣಿಸಲೇ ಇಲ್ಲ. ಕಾಲು ಮೂಡಿದ ಹಳದಿ ಹೆಲ್ಮೆಟ್ಟೊಂದು ಗೈಡುಗಳ ಶೆಡ್ಡಿನ ತುಂಬ ಓಡಾಡುತ್ತಿತ್ತು, ಅಷ್ಟೆ.

“ಅಪ್ಪಾ, ಇದೇನು ಹೆಲ್ಮೆಟ್ಟೋ ಬಕೆಟ್ಟೋ? ಏನೂ ಕಾಣ್ತಿಲ್ಲ!”

“ತಲೆ ನಿಂಬೆಹಣ್ಣಿನಷ್ಟಿದ್ರೆ ಹೆಲ್ಮೆಟ್ ಏನ್ ಮಾಡುತ್ತೆ ಪಾಪ,” ಎಂದ ರಾಕೆಟ್.

ಹುಲಿ ಎಂದರೆ ಐದನೇ ಕ್ಲಾಸಿನ ಹುಡುಗಿ. ಒಮ್ಮೆ ಅವಳ ಕ್ಲಾಸಿಗೆ ಹಲ್ಲಿಯೊಂದು ನುಗ್ಗಿತ್ತು. ಸಾಮಾನ್ಯ ಹಲ್ಲಿಯಲ್ಲ, ಮೊಸಳೆಯ ಸ್ವಂತ ತಮ್ಮನಂತಿದ್ದ ಹಲ್ಲಿ. ಇಡೀ ಕ್ಲಾಸು, ಟೀಚರೂ ಸೇರಿ, ಬೆಂಚು ಹತ್ತಿ ನಿಂತಿತು. ಇವಳೊಬ್ಬಳೇ ಅದನ್ನು ಟಿಫಿನ್ ಡಬ್ಬಿಯಲ್ಲಿ ಹಿಡಿದು ಕಿಟಕಿಯಾಚೆ ಬಿಟ್ಟು ಬಂದಳು. ಅಂದಿನಿಂದ ಇಡೀ ಸ್ಕೂಲಿಗೆ ಇವಳು ಹುಲಿ. ಯಾರಾದರೂ ಮರೆತರೆ ತಾನೇ ನೆನಪಿಸುತ್ತಿದ್ದಳು.

ರಾಕೆಟ್ ಅವಳ ಅತ್ತೆಯ ಮಗ. ಅದೇ ಸ್ಕೂಲು, ಒಂದು ಕ್ಲಾಸು ಮುಂದೆ. ಅವನ ಕಾಲಿಗಿಂತ ಬಾಯಿ ಸ್ಪೀಡು. ಅವನ ಕಿವಿಗೆ ಬಿದ್ದ ಸುದ್ದಿ ಮೊದಲ ಬೆಲ್ ಹೊಡೆಯುವ ಮುಂಚೆಯೇ ಹೆಡ್‌ಮಾಸ್ಟರ ರೂಮಿನವರೆಗೂ ತಲುಪಿರುತ್ತಿತ್ತು.

ರಜೆಗೆಂದು ಹುಲಿ, ಅಪ್ಪ, ಅತ್ತೆ, ರಾಕೆಟ್ ನಾಲ್ವರೂ ಹಡಗು ಹತ್ತಿ ಈ ದ್ವೀಪಕ್ಕೆ ಬಂದಿದ್ದರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಮ್ಮನಿಗೆ ರಜೆ ಸಿಗಲಿಲ್ಲ. ದ್ವೀಪವೋ, ಸಮುದ್ರದ ನಡುವೆ ಯಾರೋ ಒಲೆ ಹಚ್ಚಿ ಆರಿಸಲು ಮರೆತು ಹೋದ ಹಾಗಿತ್ತು. ಮಧ್ಯದಲ್ಲೊಂದು ಜ್ವಾಲಾಮುಖಿ. ಅದರ ನೆತ್ತಿಯಲ್ಲಿ ಸದಾ ಹೊಗೆ. ಬಂದ ದಿನ ಇವರು ದೋಣಿಗೆ ಹುಟ್ಟು ಹಾಕಿ ಹಾಕಿ ಅರ್ಧ ಸಮುದ್ರವನ್ನು ಕಲಕಿಟ್ಟಿದ್ದರು. ನಿನ್ನೆ ಸೈಕಲ್ ತುಳಿದು ತುಳಿದು ದ್ವೀಪದ ರಸ್ತೆಯನ್ನೇ ಸವೆಸಿದ್ದರು. ಕೊನೆಯ ದಿನ ಬೆಟ್ಟಕ್ಕೆ ಮೀಸಲು.

“ಪಂದ್ಯ ಕಟ್ಟೋಣ್ವಾ?” ಎಂದ ರಾಕೆಟ್, ಹೆಲ್ಮೆಟ್ಟಿನ ಮೇಲೆ ಟಕಟಕ ಬಡಿದು. “ಮೇಲೆ ಹೋದಾಗ ಯಾರು ಮೊದಲು ‘ನಂಗೆ ಭಯ’ ಅಂತಾರೋ ಅವರ ಹೆಸರು ಗುಬ್ಬಚ್ಚಿ. ಇಡೀ ವರ್ಷ. ಸ್ಕೂಲಲ್ಲೂ!”

“ಆಯ್ತು. ನೀನು ಈಗ್ಲೇ ಹೋಗಿ ರೆಕ್ಕೆ ಹೊಲಿಸ್ಕೋ,” ಎಂದಳು ಹುಲಿ.

ಇಬ್ಬರೂ ಕೈ ಕೊಟ್ಟುಕೊಂಡರು. ಅವಳು ಎಷ್ಟು ಜೋರಾಗಿ ಹಿಸುಕಿದಳೆಂದರೆ ರಾಕೆಟ್ಟಿನ ಕೈ ಚಪಾತಿಯಾಗಿಯೇ ಹೊರಗೆ ಬಂತು.

ಅಪ್ಪ ಕೂಲಿಂಗ್ ಗ್ಲಾಸ್ ಏರಿಸಿದ. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಅವನು ಹಾರ್ನ್ ಹೊಡೆದದ್ದಕ್ಕಿಂತ ಬಡಾಯಿ ಹೊಡೆದದ್ದೇ ಜಾಸ್ತಿ.

“ಈ ಬೆಟ್ಟ ಏನು ಮಹಾ! ಬ್ರೇಕ್ ಫೇಲ್ ಆದ ಬಸ್ಸನ್ನ ಕಾಲಲ್ಲೇ ನಿಲ್ಲಿಸಿದವನು ನಾನು.”

“ಹೋದ ಸಲ ಕೈಯಲ್ಲಿ ನಿಲ್ಲಿಸ್ದೆ ಅಂದಿದ್ದೆ ಕಣೋ,” ಎಂದಳು ಅತ್ತೆ. ಅವಳು ಅಪ್ಪನ ಅಕ್ಕ.

“ಅಕ್ಕಾ, ಅದು ಬೇರೆ ಬಸ್ಸು.”

ಅತ್ತೆಗೆ ಮಂಡಿನೋವು. ಬೆಟ್ಟದ ಸಹವಾಸವೇ ಬೇಡ ಎಂದು ಅವಳು ಲಾಡ್ಜಿಗೆ ಹೊರಟಳು. “ಹೋಗಿ ಬನ್ನಿ. ನಾನು ಒಂದು ನಿದ್ದೆ ಮುಗಿಸಿರ್ತೀನಿ.”

ಉಣ್ಣೆಯ ಟೋಪಿ ಹಾಕಿದ್ದ ಗೈಡಕ್ಕ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಇವರ ಜೊತೆ ಬೇರೆ ಏಳೆಂಟು ಜನ ಇದ್ದರು.

“ನಾನು ನಿಲ್ಲಿ ಅಂದ್ರೆ ನಿಲ್ಲಬೇಕು, ನಡೀರಿ ಅಂದ್ರೆ ನಡೀಬೇಕು. ಬೆಟ್ಟ ನಿದ್ದೆ ಮಾಡ್ತಿದೆ. ಗೊರಕೆ ಹೊಡೀತಿದೆ ಅಷ್ಟೆ.”

“ಥೇಟ್ ಅತ್ತೆ ಥರ,” ಎಂದು ಹುಲಿ ಪಿಸುಗುಟ್ಟಿದಳು. ಅಪ್ಪ ಕಿಸಕ್ಕೆಂದ.

ಹತ್ತುವಾಗ ದಾರಿಯಲ್ಲಿ ಮಂಜೋ ಮಂಜು. ಎಂಥ ಮಂಜೆಂದರೆ, ಮೂಗು ತುರಿಸಿಕೊಳ್ಳಲು ಹೋದವರು ಪಕ್ಕದವರ ಮೂಗು ತುರಿಸಿ ಬರುತ್ತಿದ್ದರು. ಮುಂದಿನವರ ಬೆನ್ನು ಬಿಟ್ಟರೆ ಮತ್ತೇನೂ ಕಾಣದು. ಕಾಲಡಿಯ ಕಲ್ಲೆಲ್ಲ ಕಪ್ಪು, ಸುಟ್ಟ ಬನ್ನಿನ ಹಾಗೆ ತೂತು ತೂತು.

ಒಂದು ಕಡೆ ಗೈಡಕ್ಕ ನಿಂತು, “ಇಲ್ಲಿ ನೆಲ ಮುಟ್ಟಿ ನೋಡಿ,” ಎಂದಳು.

ಹುಲಿ ಅಂಗೈ ಊರಿದಳು. ನೆಲ ಬೆಚ್ಚಗಿತ್ತು. “ಅಪ್ಪಾ, ನಿನ್ನ ಬಸ್ಸಿನ ಬಾನೆಟ್ ಥರಾನೇ ಇದೆ!”

“ಇಂಜಿನ್ ಆನ್ ಮಾಡಿಟ್ಟು ಡ್ರೈವರ್ ಟೀಗೆ ಹೋಗಿರ್ಬೇಕು,” ಎಂದ ಅಪ್ಪ. ಎಲ್ಲರೂ ನಕ್ಕರು. ಅಪ್ಪನಿಗೆ ಇನ್ನೇನು ಬೇಕು? ಹತ್ತುವ ದಾರಿಯುದ್ದಕ್ಕೂ ಅವನ ಬಾಯಿಗೆ ಬ್ರೇಕೇ ಇರಲಿಲ್ಲ.

ಇನ್ನೂ ಮೇಲೆ ಹೋದಾಗ ಕೊಳೆತ ಮೊಟ್ಟೆಯ ವಾಸನೆ ಗಪ್ಪೆಂದು ಬಡಿಯಿತು.

“ಯಾರದು? ಕೈ ಎತ್ತಿ!” ಎಂದು ರಾಕೆಟ್ ಮೂಗು ಹಿಡಿದುಕೊಂಡ.

“ಅದು ಗಂಧಕ ಕಣೋ,” ಎಂದಳು ಗೈಡಕ್ಕ.

“ಎಲ್ರೂ ಹಾಗೇ ಹೇಳೋದು,” ಎಂದಳು ಹುಲಿ.

ನೆತ್ತಿ ತಲುಪಿದಾಗಲೂ ಮಂಜು ಬಿಟ್ಟಿರಲಿಲ್ಲ. ಆಗ ಒಮ್ಮೆಲೇ ಗಾಳಿ ಬೀಸಿತು. ಯಾರ ಮೀಸೆ ಹಾರಿ ಯಾರ ಮುಖಕ್ಕೆ ಅಂಟೀತೋ ಎನ್ನುವಂಥ ಗಾಳಿ. ಬಿಳಿ ಪರದೆ ಎಳೆದ ಹಾಗೆ ಮಂಜೆಲ್ಲ ಸರಿದು ಹೋಯಿತು.

ಹುಲಿಯ ಬಾಯಿ ಹೆಲ್ಮೆಟ್ಟಿಗಿಂತ ದೊಡ್ಡದಾಯಿತು.

ಒಂದು ಕಡೆ ಬೆಟ್ಟದ ಹೊಟ್ಟೆ. ಕೆಂಪು, ಹಳದಿ, ಕಪ್ಪು. ಅದರ ತಳದಿಂದ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಇನ್ನೊಂದು ಕಡೆ ಕೆಳಗೆ, ಕೆಳಗೆ, ಎಷ್ಟೋ ಕೆಳಗೆ, ಸಮುದ್ರ. ಇವರನ್ನು ತಂದ ಅಷ್ಟು ದೊಡ್ಡ ಹಡಗು ಅಕ್ಕಿಕಾಳಿನಷ್ಟು. ಇಡೀ ಲೋಕದಲ್ಲಿ ತನಗಿಂತ ಎತ್ತರ ಇರುವವರು ಯಾರೂ ಇಲ್ಲ ಎನಿಸಿತು ಹುಲಿಗೆ. ಎರಡೂ ಕೈ ಮೇಲೆತ್ತಿ, “ಹೋಓಓ!” ಎಂದು ಕೂಗಿದಳು. ಹಡಗಿನವರು ಬೆಚ್ಚಿ ಮೇಲೆ ನೋಡಿರಲೇಬೇಕು.

“ಅಪ್ಪಾ, ನೋಡಿದ್ಯಾ!”

ಅಪ್ಪ ಒಂದು ಬಂಡೆಗೆ ಒರಗಿ ಕೂತಿದ್ದ. “ಹೂಂ,” ಎಂದ.

ಹೂಂ? ಅಷ್ಟೆಯೇ? ಟೂತ್‌ಪೇಸ್ಟ್ ತಂದ ಕಥೆಯನ್ನೇ ಊಟ ಮುಗಿಯುವವರೆಗೆ ಹೇಳುವ ಅಪ್ಪ!

“ಈಗ ಇಳಿಯೋಣ,” ಎಂದಳು ಗೈಡಕ್ಕ. “ಇಳಿಯೋದು ಈ ಕಡೆಯಿಂದ. ಬರೀ ಬೂದಿ, ಕಾಲು ಜಾರುತ್ತೆ. ಹಿಮ್ಮಡಿ ಊರಿ ನಡೀರಿ, ಆರಾಮಾಗಿ ಇಳೀಬಹುದು.”

ಅವಳು ತೋರಿಸಿದ ಕಡೆ ಒಂದು ಕಪ್ಪು ಇಳಿಜಾರು. ನೇರ ಸಮುದ್ರಕ್ಕೇ ಇಳಿಯುವ ಜಾರುಬಂಡೆಯ ಹಾಗೆ ಕಾಣುತ್ತಿತ್ತು. ಒಬ್ಬೊಬ್ಬರೇ ಎದ್ದರು. ಅಪ್ಪ ಏಳಲಿಲ್ಲ.

“ನೀವು ನಡೀತಾ ಇರಿ. ನಾನು ಸ್ವಲ್ಪ ವ್ಯೂ ನೋಡ್ತೀನಿ.”

“ಮತ್ತೆ ಮಂಜು ಮುಚ್ಚುತ್ತೆ ಸರ್. ಎಲ್ಲರೂ ಒಟ್ಟಿಗೇ ಹೊರಡಬೇಕು,” ಎಂದಳು ಗೈಡಕ್ಕ.

“ಬಂದೆ, ಬಂದೆ. ಎಂಥಾ ವ್ಯೂ ಅಲ್ವಾ!” ಅಪ್ಪ ನಕ್ಕ. ನಗುವಿಗೆ ಸದ್ದೇ ಇರಲಿಲ್ಲ.

ಹುಲಿ ಅಪ್ಪನ ಪಕ್ಕ ಬಂದು ಕೂತಳು. ಅಲ್ಲಿಂದ ಕೂಲಿಂಗ್ ಗ್ಲಾಸಿನ ಸಂದಿಯಲ್ಲಿ ಅಪ್ಪನ ಕಣ್ಣು ಕಾಣುತ್ತಿತ್ತು. ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು. ಬಂಡೆಯ ಅಂಚು ಹಿಡಿದಿದ್ದ ಅವನ ಬೆರಳುಗಳು ಬೆಳ್ಳಗಾಗಿದ್ದವು.

ಹುಲಿಗೆ ತಟ್ಟನೆ ಅರ್ಥವಾಯಿತು. ಅಪ್ಪ ಮಂಜಿನಲ್ಲಿ ಹತ್ತಿದ್ದ. ತಾನು ಎಷ್ಟು ಎತ್ತರಕ್ಕೆ ಬಂದಿದ್ದೇನೆಂದು ಅವನು ನೋಡಿದ್ದು ಈಗಲೇ.

“ಮಾವಾ, ಯಾಕೆ ಏಳ್ತಿಲ್ಲ?” ರಾಕೆಟ್ ಹತ್ತಿರ ಬಂದ. “ಮಾವಾ, ಕಾಲು ಹಿಡ್ಕೊಂಡಿದ್ಯಾ? ಅಥವಾ…” ಅವನು ಬಗ್ಗಿ ಅಪ್ಪನ ಮುಖ ನೋಡಲು ಹೊರಟ. ಸಾಲಿನವರೆಲ್ಲ ಇತ್ತ ತಿರುಗಿದರು. ಇನ್ನೊಂದು ಗೇಣು ಬಗ್ಗಿದರೆ ರಾಕೆಟ್ಟಿಗೆ ಆ ಕಣ್ಣು ಕಾಣುತ್ತಿತ್ತು. ಆಮೇಲೆ ಅತ್ತೆಗೆ, ಸ್ಕೂಲಿಗೆ, ಅಪ್ಪನ ಬಸ್ ಡಿಪೋಗೆ, ಎಲ್ಲಿಗೆ ತಾನೇ ಆ ಸುದ್ದಿ ತಲುಪದೆ ಇದ್ದೀತು?

“ನಂಗೆ ಭಯ ಆಗ್ತಿದೆ!”

ಕೂಗಿದ್ದು ಹುಲಿ.

ರಾಕೆಟ್ ಅರ್ಧ ಬಗ್ಗಿದವನು ಹಾಗೇ ನೆಟ್ಟಗಾದ. “ಏನಂದೆ?”

“ಭಯ ಅಂದೆ. ಕಿವಿ ಕೇಳಲ್ವಾ? ನಾನು ಒಬ್ಳೇ ಇಳಿಯಲ್ಲ. ಅಪ್ಪಾ, ನೀನು ನನ್ನ ಬೆನ್ನಿನ ಬ್ಯಾಗ್ ಹಿಡ್ಕೊಂಡು ಹಿಂದೆ ಬಾ.”

“ಗುಬ್ಬಚ್ಚಿ! ಗುಬ್ಬಚ್ಚೀ!” ರಾಕೆಟ್ ಅಲ್ಲೇ ಒಂದು ಡ್ಯಾನ್ಸ್ ಮಾಡಿದ. ಜ್ವಾಲಾಮುಖಿ ಎದ್ದು ಕೂರದೆ ಇದ್ದದ್ದೇ ಆಶ್ಚರ್ಯ. “ಕೇಳಿದ್ರಲ್ಲಾ ಎಲ್ರೂ? ಹುಲಿ ಸತ್ತುಹೋಯ್ತು, ಗುಬ್ಬಚ್ಚಿ ಹುಟ್ಟಿತು!”

ಹುಲಿಯ ಕಿವಿ ಕೆಂಡದಂತಾಯಿತು. ನಿಜವಾದ ಮಾತು ಗಂಟಲವರೆಗೆ ಬಂತು. ಅದನ್ನು ನುಂಗಿಕೊಂಡಳು. ಆ ಮಾತು ಇಡೀ ಇಡ್ಲಿಯ ಹಾಗೆ ಒಳಗೆ ಇಳಿಯಿತು.

ಗೈಡಕ್ಕ ಒಮ್ಮೆ ಅಪ್ಪನನ್ನು ನೋಡಿದಳು, ಒಮ್ಮೆ ಹುಲಿಯನ್ನು. “ಸರಿ, ನೀವಿಬ್ರೂ ನನ್ನ ಹಿಂದೇನೇ ಬನ್ನಿ,” ಎಂದಳು.

“ಅಪ್ಪಾ, ನನ್ನ ಬ್ಯಾಗನ್ನೇ ನೋಡ್ತಿರು,” ಎಂದಳು ಹುಲಿ. “ಆ ಕಡೆ ಈ ಕಡೆ ನೋಡಿದ್ಯೋ, ಕೈ ಬಿಟ್ಟುಬಿಡ್ತೀಯ. ನಾನು ಬೀಳ್ತೀನಿ.”

“ಇಲ್ಲಮ್ಮಾ. ಬಿಡಲ್ಲ,” ಎಂದ ಅಪ್ಪ. ದನಿ ಒಣಗಿತ್ತು. ಆದರೆ ಎದ್ದು ನಿಂತ.

ಒಂದು ಹೆಜ್ಜೆ. ಬೂದಿ ಸರ್ರನೆ ಜಾರಿತು. ಬ್ಯಾಗಿನ ಪಟ್ಟಿ ಹಿಂದಕ್ಕೆ ಜಗ್ಗಿ ಹುಲಿಯ ಹೆಗಲು ನೋಯಿತು. ಅಪ್ಪ ಮತ್ತೆ ಕೂರುವ ಹಾಗಿದ್ದ. ಏನಾದರೂ ಹೇಳಬೇಕಿತ್ತು. ಏನು ಹೇಳುವುದು?

“ರೈಟ್, ರೈಟ್!” ಎಂದು ಕೂಗಿದಳು ಹುಲಿ, ಥೇಟ್ ಕಂಡಕ್ಟರ್ ದನಿಯಲ್ಲಿ. “ಮುಂದಿನ ಸ್ಟಾಪ್ ಕೆಂಪು ಕಲ್ಲು! ಫಸ್ಟ್ ಗೇರಲ್ಲೇ ಹೋಗ್ಲಿ ಡ್ರೈವರ್ ಸಾಹೇಬ್ರೆ!”

ಹಿಂದಿನಿಂದ ಒಂದು ಹಿಮ್ಮಡಿ ಊರಿದ ಸದ್ದು ಕೇಳಿತು. ಮತ್ತೊಂದು.

“ಕೆಂಪು ಕಲ್ಲು, ಕೆಂಪು ಕಲ್ಲು! ಇಳಿಯೋರು ಯಾರೂ ಇಲ್ಲ. ರೈಟ್! ಮುಂದಿನ ಸ್ಟಾಪ್ ಮೂಲಂಗಿ ಮೂಗಿನ ಬಂಡೆ!”

ಆ ಬಂಡೆಗೆ ನಿಜಕ್ಕೂ ಮೂಲಂಗಿಯಂಥ ಮೂಗಿತ್ತು. ಅದನ್ನು ದಾಟಿದಾಗ ಹಿಂದಿನಿಂದ ಸಣ್ಣ ದನಿ ಬಂತು. “ಟಿಕೆಟ್ ಎಲ್ರೂ ತಗೊಂಡ್ರಾ?”

“ಎಲ್ರದ್ದೂ ಪಾಸು!” ಎಂದಳು ಹುಲಿ. ಅವಳ ಕಣ್ಣು ಉರಿಯಿತು. ಬೂದಿ ಬಿದ್ದಿರಬೇಕು.

ಮೊದಲು ಬ್ಯಾಗಿನ ಪಟ್ಟಿ ಹರಿಯುವಷ್ಟು ಬಿಗಿಯಾಗಿತ್ತು. ಬರಬರುತ್ತ ಸಡಿಲವಾಯಿತು. ಬೆಟ್ಟದ ಅರ್ಧಕ್ಕೆ ಬರುವಾಗ ಅಪ್ಪ ಪೋಂಯ್ ಪೋಂಯ್ ಎಂದು ಹಾರ್ನ್ ಹೊಡೆಯತೊಡಗಿದ. ಹಿಂದೆ ಬರುತ್ತಿದ್ದ ಅಪರಿಚಿತ ತಾತನೊಬ್ಬ, “ಡ್ರೈವರೇ, ಸೀಟಿಲ್ವಾ?” ಎಂದು ಕೇಳಿದ. ಕೊನೆಗೆ ಬೆಟ್ಟದ ಬುಡಕ್ಕೆ ಇಳಿದು ಬಂದದ್ದು ಜನರ ಸಾಲಲ್ಲ. ಫುಲ್ ಲೋಡ್ ಆದ ಬಸ್ಸು. ಜ್ವಾಲಾಮುಖಿಯಿಂದ ಇಂಥ ಬಸ್ಸು ಇಳಿದದ್ದು ಲೋಕದಲ್ಲಿ ಅದೇ ಮೊದಲು.

ಶೆಡ್ಡಿನ ಹತ್ತಿರದ ಬೆಂಚಿನ ಮೇಲೆ ಕೂತಾಗ ಹುಲಿಯ ಶೂಗಳಲ್ಲಿ ಕಾಲಿಗಿಂತ ಬೂದಿಯೇ ಹೆಚ್ಚಿತ್ತು. ಅಪ್ಪ ನೆಲದ ಮೇಲೆ ಕೂತು ಅವಳ ಲೇಸು ಬಿಚ್ಚಿದ. ಶೂ ಬೋರಲು ಹಾಕಿ ಬಡಿದ.

“ನಿಂಗೆ ನಿಜವಾಗ್ಲೂ ಭಯ ಆಗಿತ್ತಾ?” ಎಂದು ತಲೆ ಎತ್ತದೆ ಕೇಳಿದ.

“ಹೂಂ. ತುಂಬಾ,” ಎಂದಳು ಹುಲಿ.

ಅಪ್ಪ ಇನ್ನೊಂದು ಶೂ ತೆಗೆದುಕೊಂಡ. ಅದರಲ್ಲಿ ಒಂದು ಕಾಳು ಬೂದಿ ಉಳಿಯದ ಹಾಗೆ ಬಡಿದ. ಆಮೇಲೆ ಆ ಶೂವಿಗೇ ಹೇಳುವ ಹಾಗೆ ಮೆಲ್ಲಗೆ ಹೇಳಿದ:

“ನಂಗೂ.”

ಲಾಡ್ಜಿನ ಊಟದ ಕೋಣೆಯಲ್ಲಿ ಅತ್ತೆ ನಿದ್ದೆ ಮುಗಿಸಿ, ಸೂಪಿನ ಬಟ್ಟಲು ಸಾಲಾಗಿ ಇಡಿಸಿಕೊಂಡು ಕಾಯುತ್ತಿದ್ದಳು. “ಏನು, ಬೆಟ್ಟ ಇನ್ನೂ ಅಲ್ಲೇ ಇದ್ಯಾ, ಇಲ್ಲ ಜೇಬಲ್ಲಿ ಹಾಕ್ಕೊಂಡು ಬಂದ್ರಾ?”

ಇವರು ಕುರ್ಚಿ ಎಳೆಯುವ ಮುಂಚೆಯೇ ರಾಕೆಟ್ ಹಾರಿಯಾಗಿತ್ತು. “ಅಮ್ಮಾ, ಇನ್ಮೇಲೆ ಇವಳ ಹೆಸರು ಗುಬ್ಬಚ್ಚಿ! ಮೇಲೆ ಅಳೋ ಹಾಗಿದ್ಲು. ಮಾವ ಬ್ಯಾಗ್ ಹಿಡ್ಕೊಂಡು ಹಸುಗೂಸಿನ ಥರ ಇಳಿಸ್ಕೊಂಡು ಬಂದ್ರು!”

“ಹೌದೇನೇ?” ಅತ್ತೆ ಹುಬ್ಬೇರಿಸಿದಳು.

ಹುಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

ಅಪ್ಪ ಚಮಚ ಕೆಳಗಿಟ್ಟ. ಅವನ ಮುಖದಲ್ಲಿ ಬಡಾಯಿಯ ಗುರುತೇ ಇರಲಿಲ್ಲ. “ಅಕ್ಕಾ, ಅದು ಹಾಗಲ್ಲ. ಅಸಲಿಗೆ ಮೇಲೆ ಏನಾಯ್ತು ಅಂದ್ರೆ…”

ಮೇಜಿನ ಕೆಳಗಿಂದ ಒಂದು ಒದೆ ಬಿತ್ತು. ಹತ್ತು ಕುದುರೆಗಳ ಒದೆ.

“ಅಯ್ಯಯ್ಯೋ!”

“ಏನಾಯ್ತೋ?”

“ಸೂಪು… ಸೂಪು ಬಿಸಿ,” ಎಂದ ಅಪ್ಪ. ಮಗಳ ಕಡೆ ನೋಡಿದ. ಹುಲಿ ನೋಡಲಿಲ್ಲ, ಬೆಣ್ಣೆಯನ್ನು ಬ್ರೆಡ್ಡಿನ ನಾಲ್ಕೂ ಮೂಲೆಗೆ ಎಳೆಯುತ್ತಿದ್ದಳು. ಅಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. “ಇಷ್ಟು ವರ್ಷ ಬಸ್ ಓಡಿಸಿದ್ದೀನಿ ಅಕ್ಕಾ. ಇವತ್ತು ಸಿಕ್ಕಿದಂಥ ಕಂಡಕ್ಟರ್ ನಂಗೆ ಯಾವತ್ತೂ ಸಿಕ್ಕಿರಲಿಲ್ಲ.”

“ಏನೇನೋ ಹೇಳ್ತಾನೆ, ಬೆಟ್ಟದ ಗಾಳಿ ತಲೆಗೆ ಹೊಕ್ಕಿರ್ಬೇಕು,” ಎಂದು ಅತ್ತೆ ಅವನ ಬಟ್ಟಲಿಗೆ ಇನ್ನಷ್ಟು ಸೂಪು ಸುರಿದಳು.

“ಗುಬ್ಬಚ್ಚೀ, ಬ್ರೆಡ್ ಈ ಕಡೆ ಕೊಡು,” ಎಂದ ರಾಕೆಟ್.

ಹುಲಿ ತಟ್ಟೆ ದಾಟಿಸಿದಳು. ಬೆನ್ನು ನೆಟ್ಟಗೆ, ಕುತ್ತಿಗೆ ನೆಟ್ಟಗೆ. ಕಿರೀಟ ಹೊತ್ತವರು ಕೂಡ ಹಾಗೆ ಕೂತಿರಲಾರರು. ರಾಕೆಟ್ ಅವಳನ್ನೇ ನೋಡಿದ. ಪಂದ್ಯ ಗೆದ್ದವನು ಅವನು. ಗೆದ್ದವರ ಮುಖ ಮಾತ್ರ ಎದುರಿನ ಕುರ್ಚಿಯಲ್ಲಿತ್ತು.

“ಸೋತು ಕೂತು ಯಾಕೆ ನಗ್ತಿದ್ದೀಯಾ?”

“ಸುಮ್ನೆ,” ಎಂದಳು ಹುಲಿ.