ಹೊತ್ತು ಮುಳುಗುವ ಮೊದಲೇ ಮುಚ್ಚುವ ಅಂಗಡಿ

“ತೊಟ್ಟಿಲದ ಡಿಸೈನ್ ಭಾಳ ಛಲೋ ಐತ್ರಿ ಮೇಡಂ. ಕೂಸಿಗೆ ಎಷ್ಟು ತಿಂಗಳ್ರಿ?”

ಜಯಶ್ರೀಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಕಿವಿ ಬಿಸಿಯಾದವು. “ಯಾವ ಕೂಸ್ರಿ? ನನ್ನ ಮದುವೀನ ಆಗಿಲ್ಲ!”

ಬಡಿಗ ಮಾಳಪ್ಪ ಗಾಬರಿಯಾಗಿ ನಕ್ಷೆಯನ್ನು ತಿರುಗಿಸಿ ಹಿಡಿದ. ಮೇಲೆ ತೆರೆದ ಪೆಟ್ಟಿಗೆ, ಎರಡೂ ಬದಿಯ ಹಲಗೆಯಲ್ಲಿ ದುಂಡಗೆ ಕೊರೆದ ಗುಣಿ, ಅದರಲ್ಲಿ ಕೂತು ಹಿಂದೆ ಮುಂದೆ ತೂಗುವ ಇನ್ನೊಂದು ಪೆಟ್ಟಿಗೆ. ಅವನ ತಪ್ಪೇನೂ ಇರಲಿಲ್ಲ.

“ಇದು ಟೆಲಿಸ್ಕೋಪಿನ ಸ್ಟ್ಯಾಂಡ್‌ರಿ. ಡಾಬ್ಸೋನಿಯನ್ ಅಂತಾರ.”

ಜಯಶ್ರೀಯ ಮನೆ ಇಳಕಲ್ಲಿನಲ್ಲಿ. ವಿಜ್ಞಾನ ಕಲಿಸುತ್ತಿದ್ದದ್ದು ಹುನಗುಂದದ ಹೈಸ್ಕೂಲಿನಲ್ಲಿ. ಬೇಸಿಗೆ ರಜೆಯಿಡೀ ಗ್ರಾನೈಟ್ ಪಾಲಿಶ್ ಮಾಡುವವರಿಂದ ತಂದ ಪುಡಿ ಹಾಕಿ, ದಪ್ಪ ಗಾಜಿನ ಬಿಲ್ಲೆಯೊಂದನ್ನು ಕೈಯಿಂದಲೇ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದಳು. ಅದಕ್ಕೆ ಲೇಪ ಹಾಕಿಸಿ ಉದ್ದನೆಯ ಕೊಳವೆಯೊಳಗೆ ಕೂರಿಸಿದ್ದೂ ಆಗಿತ್ತು. ಇನ್ನು ಆ ಕೊಳವೆಯನ್ನು ಹೊತ್ತು ನಿಲ್ಲಲು ಮರದ ಆಸರೆಯೊಂದು ಬೇಕಿತ್ತು.

“ಬೆರಳಿಲೆ ನೂಕಿದ್ರ ಸರೀಬೇಕು. ಬೆರಳು ತಗದ್ರ ಅಲ್ಲೇ ನಿಂದರಬೇಕು,” ಅಂದಳು.

“ಅಂಥಾ ಮಂದೀನ ಸಿಗೂದಿಲ್ರಿ ಟೀಚರ್, ಪೆಟ್ಟಿಗಿ ಎಲ್ಲಿಂದ ತರ್ಲಿ?”

ಅವಳಿಗೆ ನಗು ತಡೆಯಲಾಗಲಿಲ್ಲ.

ಅಂದಿನಿಂದ ಶಾಲೆ ಬಿಟ್ಟು ಬಸ್ಸಿಳಿದರೆ ಮೊದಲು ಅಂಗಡಿ, ಆಮೇಲೆ ಮನೆ. ಮಾಳಪ್ಪ ದಪ್ಪ ಪ್ಲೈವುಡ್ಡಿನಲ್ಲಿ ಒಳಪೆಟ್ಟಿಗೆಯ ಬದಿಗಳಿಗೆ ಎರಡು ಗಾಲಿಗಳನ್ನು ಕತ್ತರಿಸಿ, ಅಂಚಿಗೆ ಸನ್‌ಮೈಕಾ ಪಟ್ಟಿ ಅಂಟಿಸಿದ. ಅವು ನುಣುಪಾಗಿ ಜಾರಲೆಂದು ಗುಣಿಯೊಳಗೆ ಟೆಫ್ಲಾನ್ ತುಂಡು ಕೂರಿಸಿದಳು ಜಯಶ್ರೀ. ಮೊದಲ ಸಲ ಕೊಳವೆ ಇಟ್ಟಾಗ ಅದು ತೂಕಡಿಸುವವರಂತೆ ಮುಂದಕ್ಕೆ ವಾಲಿತು. ಹಿಡಿಯಲು ಇಬ್ಬರೂ ಒಟ್ಟಿಗೇ ಬಗ್ಗಿದರು. ಅವನ ಕೂದಲಲ್ಲಿದ್ದ ಮರದ ಪುಡಿ ಅವಳ ದುಪಟ್ಟಾದ ಮೇಲೆ ಉದುರಿತು. ಅವಳು ಝಾಡಿಸಿಕೊಳ್ಳಲಿಲ್ಲ.

ಇನ್ನೊಂದು ದಿನ ಅವನು ಟೇಪು ಹಿಡಿದು ನಿಂತ. “ನಿಮ್ಮ ಕಣ್ಣು ಎಷ್ಟೆತ್ತರಕ್ಕ ಬರ್ತಾವ ನೋಡಬೇಕ್ರಿ. ಬಗ್ಗದಂಗ ನೋಡಾಕ ಬರಬೇಕಲ್ಲ.”

ನೆಲದಿಂದ ಟೇಪು ಎಳೆದು ಅವಳ ಕಣ್ಣಿನ ಹತ್ತಿರ ತಂದು ಹಾಗೇ ನಿಂತುಬಿಟ್ಟ.

“ನಂಬರ್ ಓದಾಕ ಇಷ್ಟೊತ್ತು ಬೇಕೇನ್ರಿ?”

“ನಂಬರ್ ಆಗ್ಲೇ ಓದೇನ್ರಿ.”

ಆ ರಾತ್ರಿ ಜಯಶ್ರೀಗೆ ನಿದ್ದೆ ಬರಲಿಲ್ಲ.

ಒಂದೇ ಒಂದು ಮಾತು ಅವಳಿಗೆ ಅರ್ಥವಾಗಿರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಮಾಳಪ್ಪ ಅವಸರ ಮಾಡುತ್ತಿದ್ದ. ಮಾತು ಅರ್ಧಕ್ಕೇ ಬಿಟ್ಟು ಶಟರ್ ಎಳೆಯುತ್ತಿದ್ದ. “ಸಂಜಿಗೆ ನಮ್ಮ ಮಾಳಗಿ ಮ್ಯಾಲೆ ಬರ್ರಿ, ಅವ್ವನೂ ಇರ್ತಾಳ, ಆಕಾಶದಾಗಿನ ಚಿಕ್ಕಿ ತೋರಿಸ್ತೇನಿ” ಅಂದರೆ, “ಕೆಲಸ ಐತ್ರಿ” ಅನ್ನುತ್ತಿದ್ದ. ಮತ್ತೆ ಕರೆದರೂ ಅದೇ ಮಾತು. ಟೇಪು ಹಿಡಿದು ಅವನು ಹಾಗೇ ನಿಂತದ್ದನ್ನು ತಾನೇ ತಪ್ಪು ತಿಳಿದೆನೇನೋ ಅನ್ನಿಸಿ, ಅವಳ ಮನಸ್ಸು ಮುದುಡಿತು.

“ಆದಷ್ಟು ಸಾಕು. ನಾಳೆ ಒಯ್ತೇನಿ,” ಅಂದಳು ಬಿಗಿಯಾಗಿ.

ಮರುದಿನ ಸಂಜೆ ಮೋಡ ಕವಿದಿತ್ತು. ಕೊನೆಯ ಸ್ಕ್ರೂ ಬಿಗಿಯುವಾಗ ಕರೆಂಟು ಹೋಯಿತು. ಮಾಳಪ್ಪ ಎದ್ದು ಮುಂದೆ ಕೈ ಚಾಚಿದ. ಅಂಟಿನ ಡಬ್ಬಿ ಉರುಳಿತು. ಸ್ಟೂಲಿಗೆ ಮೊಣಕಾಲು ಬಡಿಯಿತು. ಹುಡುಕುತ್ತ ಬಂದ ಕೈ ಅವಳ ಭುಜಕ್ಕೆ ತಾಗಿ ಗಕ್ಕನೆ ನಿಂತಿತು.

“ಭಾಳ ಕತ್ತಲಾತಲ್ರಿ,” ಅಂದ.

ಅವಳಿಗೆ ಬಾಗಿಲಾಚೆಯ ರಸ್ತೆ ಕಾಣುತ್ತಿತ್ತು, ನಿಂತ ಟಂಟಂ ಗಾಡಿ ಕಾಣುತ್ತಿತ್ತು, ಅವನ ಅಂಗಿಯ ಗುಂಡಿಗಳೂ ಕಾಣುತ್ತಿದ್ದವು.

“ಮಾಳಪ್ಪ ಅವ್ರ... ನಿಮಗ ಕಾಣೂದಿಲ್ಲೇನ್ರಿ?”

ಅವನು ಕೈ ಹಿಂದಕ್ಕೆ ತೆಗೆದ. “ಸಣ್ಣಂವಿದ್ದಾಗಿಂದ ಇರುಳುಗುರುಡು ರೀ. ಚಿಕ್ಕಿ ಹೆಂಗಿರ್ತಾವ ಅಂತ ಖರೆ ಅಂದ್ರ ನಾ ನೋಡೇ ಇಲ್ಲ. ಮುಂದ ಹಗಲಿನ ನೋಟಾನೂ ಬದೀಲಿಂದ ಸಣ್ಣಾಕ್ಕೋತ ಹೋಗತೈತಂತ. ಎಂದು ಪೂರ್ತಿ ಹೋಗತೈತೋ ಡಾಕ್ಟರಿಗೂ ಗೊತ್ತಿಲ್ಲ. ಅದಕ್ಕ ಬಂದ ಸಂಬಂಧ ಎಲ್ಲಾ ನಾನ ಬ್ಯಾಡ ಅಂದೆ.”

“ನನಗ್ಯಾಕ ಹೇಳ್ಲಿಲ್ಲ?”

“ಹೇಳಿದ್ರ ಪಾಪ ಅಂತ ನೋಡ್ತಿದ್ರಿ. ನೀವು ನನ್ನ ನೋಡೂ ರೀತಿ ಬದಲಾಗೂದು ನನಗ ಬ್ಯಾಡಾಗಿತ್ರಿ.”

ಅವಳು ಅವನ ತೋಳು ಹಿಡಿದು ಮನೆಯವರೆಗೆ ಬಿಟ್ಟು ಬಂದಳು.

ಆ ವಾರ ಜಯಶ್ರೀ ಅಂಗಡಿಯ ಕಡೆ ಹೋಗಲಿಲ್ಲ. ಸಿಟ್ಟಿನಿಂದಲ್ಲ, ಅಂಜಿಕೆಯಿಂದ. ರಾತ್ರಿ ಬಸ್ಸಿಳಿದಾಗ ಅವನ ಕೈ ಹಿಡಿದು ನಡೆಸಬೇಕಾದೀತು. ಗರಗಸ ಹಿಡಿದ ಆ ಕೈ ಒಂದು ದಿನ ಸುಮ್ಮನೆ ಕೂತೀತು. ಎಲ್ಲವನ್ನೂ ಒಂದೊಂದಾಗಿ ಕಣ್ಣ ಮುಂದೆ ತಂದುಕೊಂಡು ನೋಡಿದಳು. ಯಾವುದೂ ಹಗುರವಾಗಿರಲಿಲ್ಲ. ಆದರೆ ಅವನಿಲ್ಲದ ಸಂಜೆಗಳನ್ನು ನೆನೆದರೆ ಅವೂ ಹಗುರವಾಗಿರಲಿಲ್ಲ.

“ಏನ್ ವಿಚಾರ ಮಾಡಾಕತ್ತೀ?” ಅಂತ ತಾಯಿ ಹನಮವ್ವ ಕೇಳಿದಾಗ ಎಲ್ಲವನ್ನೂ ಹೇಳಿದಳು. ಹನಮವ್ವ ಬಹಳ ಹೊತ್ತು ರೊಟ್ಟಿ ಬಡಿಯುತ್ತಲೇ ಇದ್ದಳು. ಕೊನೆಗೆ, “ಹುಡುಗ ಹೆಂಗ?” ಅಂದಳು.

“ಛಲೋ ಅದಾನವ್ವ.”

ಮೋಡ ಸರಿದ ದಿನ, ಸೂರ್ಯ ಇನ್ನೂ ಮುಳುಗದಿರುವಾಗಲೇ ಅವಳು ಕೊಳವೆ ಹೊತ್ತು ಅಂಗಡಿಗೆ ಬಂದಳು. ಇಬ್ಬರೂ ಸೇರಿ ಸ್ಟ್ಯಾಂಡನ್ನು ಹಿತ್ತಲಿಗೆ ಒಯ್ದರು. ನೆತ್ತಿಯ ಮೇಲೆ ಅರ್ಧ ಚಂದ್ರನಿದ್ದ.

“ಚಿಕ್ಕಿ ಕಾಣೂದಿಲ್ಲ ಅಂದ್ರಿ. ಚಂದ್ರ?”

“ಬೆಳ್ಳಗ ಏನೋ ಐತಿ ಅನ್ನೂ ಹಂಗ ಕಾಣ್ತಾನ್ರಿ.”

“ಇಲ್ಲಿ ಕಣ್ಣಿಡ್ರಿ.”

ಮೊದಲು ಏನೂ ಸಿಗಲಿಲ್ಲ. ಅವಳು ಅವನ ಗಲ್ಲ ಹಿಡಿದು ಸ್ವಲ್ಪ ಸರಿಸಿದಳು.

“ಯಪ್ಪಾ! ಇಷ್ಟ ಬೆಳಕೇನ್ರಿ? ತಗ್ಗು ಅದಾವ... ಕಲ್ಲಿನ ಖಣಿ ಕಂಡಂಗ ಐತಲ್ರಿ!” ಸಣ್ಣ ಹುಡುಗನ ದನಿ ಅದು. ಮರುಗಳಿಗೆಗೆ, “ಹೊಂಟ್ನಲ್ರಿ, ಜಾರಿ ಹೊಂಟ!”

“ಅಂವ ಅಲ್ಲ, ನಮ್ಮ ಭೂಮಿ ತಿರಗಾಕತ್ತೈತಿ. ನೂಕ್ರಿ ಸ್ವಲ್ಪ.”

ಅವನು ತಿರುವುಮುರುವಾಗಿ ನೂಕಿದ. ಅವಳು ಅವನ ಕೈ ಮೇಲೆ ಕೈಯಿಟ್ಟು ಸರಿಯಾದ ಕಡೆಗೆ ಸರಿಸಿದಳು. ಮರ ಒಂದಿಷ್ಟೂ ಸದ್ದು ಮಾಡಲಿಲ್ಲ. ಚಂದ್ರ ಸಿಕ್ಕ ಮೇಲೂ ಅವಳು ಕೈ ತೆಗೆಯಲಿಲ್ಲ.

ಕಣ್ಣು ಕೀಳದೆಯೇ ಕೇಳಿದ, “ಟೀಚರ್, ಒಂದಿನ ಇದೂ ಕಾಣದಂಗಾದ್ರ?”

“ಅಂಜಿಕಿ ನನಗೂ ಐತಿ. ವಾರ ಇಡೀ ಅದನ್ನ ವಿಚಾರ ಮಾಡೀನಿ. ಆದ್ರ ಆವತ್ತ ನೀವು ಒಬ್ಬರ ಇರೂದು ನನಗ ಬ್ಯಾಡ.”

ಮಾಳಪ್ಪ ನಿಧಾನವಾಗಿ ತಲೆಯೆತ್ತಿದ. ಅಷ್ಟರಲ್ಲಿ ಹಿತ್ತಲು ಮಬ್ಬಾಗಿತ್ತು. “ನಿಮ್ಮ ಮಾರಿ ಕಾಣವಲ್ದು. ನಗಾಕತ್ತೀರೋ, ಸಿಟ್ಟಿನ್ಯಾಗ ಅದೀರೋ?”

ಅವಳು ಅವನ ಕೈಯನ್ನು ತನ್ನ ಕೆನ್ನೆಗಿಟ್ಟುಕೊಂಡಳು. ಒರಟು ಬೆರಳುಗಳು ಅಲ್ಲಿ ಮೆಲ್ಲಗೆ ಸರಿದವು.

“ಎರಡೂ ಅಲ್ಲ. ಅಳಾಕತ್ತೀರಿ.”

“ಇಲ್ಲ. ನಾಳೆ ನಮ್ಮವ್ವನ್ನ ಮಾತಾಡ್ಸಾಕ ಬರ್ರಿ. ಹಗಲಿನ್ಯಾಗ ಬರ್ರಿ.”

“ಬೆಳಿಗ್ಗೇನ ಬರ್ತೇನ್ರಿ,” ಅಂದ ಮಾಳಪ್ಪ.